ಮಾಧವರಂನ ಕಲ್ಲು, ಆದವಾನಿಯ ಕಾವಲು

ಮಂತ್ರಾಲಯಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಮಾಧವರಂ ಗ್ರಾಮವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವರು. ಆದವಾನಿಯನ್ನಂತೂ ಅನೇಕರು ರೈಲಿನ ನಿದ್ದೆಯಲ್ಲಿಯೇ ದಾಟಿಹೋಗುತ್ತಾರೆ. ತುಂಗಭದ್ರೆಯಲ್ಲಿ ಸ್ನಾನ, ಮಠದಲ್ಲಿ ದರ್ಶನ, ಪಂಚಮುಖಿಗೆ ಒಂದು ಪಯಣ, ಸಂಜೆ ಪ್ರಾಕಾರದಲ್ಲಿ ರಥೋತ್ಸವ, ಅನಂತರ ಊರಿನ ದಾರಿ. ಯಾತ್ರೆಯ ಕ್ರಮ ಅಲ್ಲಿಗೆ ಮುಗಿಯುತ್ತದೆ. ಕತ್ತಲಾದ ಮೇಲೆ ಈ ಸೀಮೆಯ ಜನ ಎಲ್ಲಿ ಸೇರುತ್ತಾರೆ, ಏನು ಮಾತನಾಡುತ್ತಾರೆ ಎಂದು ಕೇಳುವ ಯಾತ್ರಿಕ ಅಪರೂಪ.

ಕೆಲವು ವರ್ಷಗಳ ಹಿಂದಿನ ಹತ್ತಿಯ ಹಂಗಾಮಿನಲ್ಲಿ ಅಂಥವರೊಬ್ಬರು ಬಂದಿದ್ದರು. ಮೈಸೂರಿನ ಕಡೆಯವರು, ಬೆಂಗಳೂರಿನಲ್ಲಿ ಕಟ್ಟಡಗಳ ಎಂಜಿನಿಯರು. ಅವರ ಕೈಕೆಳಗೆ ಕೆಲಸ ಮಾಡುವ ಮೇಸ್ತ್ರಿ ಮಾಧವರಂನವನು. ರಾಯರ ದರ್ಶನಕ್ಕೆಂದು ಇಬ್ಬರೂ ಕೂಡಿ ಬಂದು, ಮೇಸ್ತ್ರಿಯ ಬಾಲ್ಯದ ಗೆಳೆಯನಾದ ರೈತನ ಮನೆಯಲ್ಲಿ ಇಳಿದುಕೊಂಡಿದ್ದರು. ಎಂಜಿನಿಯರು ಊರೂರು ಸುತ್ತಿದವರು. ಚಾರ್‌ಮಿನಾರಿನ ಸುತ್ತಲಿನ ರಂಜಾನ್ ರಾತ್ರಿಗಳನ್ನೂ ಗೋವೆಯ ಕಡಲತೀರವನ್ನೂ ಕಂಡವರು. ಮಧ್ಯಾಹ್ನದ ಊಟವಾದ ಮೇಲೆ ಅವರು ಕೇಳಿದರು: "ಆದವಾನಿ ಅಂದರೆ ಅಷ್ಟು ಹಳೆಯ ಊರು. ಅಲ್ಲಿ ರಾತ್ರಿ ಹೊತ್ತು ನೋಡುವಂಥದ್ದು ಏನಿದೆ?"

ರೈತ ನಕ್ಕು ಹೇಳಿದ: "ಸಾರ್, ಇವತ್ತ ರಾತ್ರಿ ನಾನು ಹತ್ತಿ ಹೇರಿಕೊಂಡು ಯಾರ್ಡಿಗೆ ಹೊಂಟೀನಿ. ನೋಡೋದಾದ್ರ ಅದನ್ನ ನೋಡ್ರಿ. ಬರ್ರಿ ನಮ್ಮ ಸಂಗಾಟ."

ವಾಹನಕ್ಕೆ ಹೇರು ತುಂಬುವವರೆಗೂ ಊರನ್ನು ನೋಡಲು ಸಮಯವಿತ್ತು. ಮಾಧವರಂಗೆ ತನ್ನದೇ ಒಂದು ಹೆಮ್ಮೆಯಿದೆ. ಶ್ರೀ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಪ್ರವೇಶಿಸಿದ ಬೃಂದಾವನದ ಶಿಲೆ ಈ ಊರಿನಿಂದ ಹೋದದ್ದು ಎಂಬುದು ಪರಂಪರೆಯ ನಂಬಿಕೆ. ಸೀತೆಯನ್ನು ಹುಡುಕುತ್ತ ಬಂದ ಶ್ರೀರಾಮ ಕುಳಿತು ದಣಿವಾರಿಸಿಕೊಂಡ ಬಂಡೆ ಅದು. ಆ ಬಂಡೆಯನ್ನೇ ತರಬೇಕೆಂದು ಸ್ವಾಮಿಗಳು ದಿವಾನ್ ವೆಂಕಣ್ಣನಿಗೆ ಅಪ್ಪಣೆ ಕೊಟ್ಟರು ಎಂದು ಹೇಳುತ್ತಾರೆ. ದೇಶದ ಮೂಲೆಮೂಲೆಯಿಂದ ಬಂದವರು ಕೈಮುಗಿಯುವ ಕಲ್ಲು ತಮ್ಮ ಊರಿನದು ಎಂಬುದನ್ನು ಮಾಧವರಂನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತಾರೆ.

ರೈತನೂ ಮೇಸ್ತ್ರಿಯೂ ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ಇಬ್ಬರ ಮನೆಯಲ್ಲೂ ಹೊಲಗಳು ಮಳೆಯನ್ನೇ ನಂಬಿದ್ದವು. ಎಂಟನೆಯ ತರಗತಿಯ ವರ್ಷ ಮಳೆ ಕೈಕೊಟ್ಟಾಗ ಮೇಸ್ತ್ರಿಯ ತಂದೆತಾಯಿ ಗುಳೆ ಹೊರಟರು. ಹುಡುಗನೂ ಅವರ ಹಿಂದೆ ಹೋದ. ಬೆಂಗಳೂರಿನಲ್ಲಿ ಮಣ್ಣು ಹೊರುವ ಕೆಲಸದಿಂದ ತೊಡಗಿ ಮೇಸ್ತ್ರಿಯಾದ. ರೈತ ಹತ್ತನೆಯ ತರಗತಿ ಮುಗಿಸಿ ಊರಿನಲ್ಲೇ ಉಳಿದ. ಈ ಸೀಮೆಯಲ್ಲಿ ಇಂಥ ಜೋಡಿಗಳು ಓಣಿಗೊಂದು ಸಿಗುತ್ತವೆ. ಆದವಾನಿ, ಕೋಸಿಗಿ, ಮಂತ್ರಾಲಯದ ಸುತ್ತಿನ ಹಳ್ಳಿಗಳಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೋ, ಹೈದರಾಬಾದು ಬೆಂಗಳೂರುಗಳ ಕಟ್ಟಡಗಳಿಗೋ ಹೊರಡುವ ಕುಟುಂಬಗಳು ಇಂದಿಗೂ ಕಡಿಮೆಯಾಗಿಲ್ಲ. ತಂದೆತಾಯಿ ಹೊರಟರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಖಾಲಿ ಮನೆಗಳು ಸಾಲುಗಟ್ಟುತ್ತವೆ.

ರೈತನ ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಆ ರಾತ್ರಿ ಹೇರಿದ ಹತ್ತಿಗೆ ಮರುದಿನ ಸಿಗುವ ದರದ ಮೇಲೆ ಆ ಮನೆಯ ಒಂದು ನಿರ್ಧಾರ ನಿಂತಿತ್ತು. ದರ ಸರಿಯಾಗಿ ಬಂದರೆ ಸಾಲ ತೀರಿಸಿ ಬೇಸಗೆಯವರೆಗೆ ಮನೆ ನಡೆಸಬಹುದು. ಬಾರದಿದ್ದರೆ ಗಂಡಹೆಂಡತಿ ಗುಂಟೂರಿನ ಕಡೆ ಹೊರಡಬೇಕು. ಹುಡುಗಿಯನ್ನು ಅಜ್ಜಿಯ ಬಳಿ ಬಿಡುವುದೋ, ಜೊತೆಗೆ ಕರೆದೊಯ್ಯುವುದೋ ಆಮೇಲಿನ ಮಾತು. ಅತಿಥಿಗಳ ಎದುರು ಇದನ್ನು ಯಾರೂ ಆಡಲಿಲ್ಲ. ಹೇರು ಕಟ್ಟುವ ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ನಿಂತಿದ್ದ ಹುಡುಗಿಯ ಮುಖವನ್ನು ನೋಡಿ ಮೇಸ್ತ್ರಿ ತಾನಾಗಿಯೇ ಅರಿತುಕೊಂಡ. ಅವನಿಗೆ ಆ ಮುಖ ಹಳೆಯ ಪರಿಚಯ.

ಸೂರ್ಯ ಮುಳುಗುವ ಹೊತ್ತಿಗೆ ವಾಹನ ಆದವಾನಿಯ ದಾರಿ ಹಿಡಿಯಿತು. ಎರಡೂ ಬದಿ ಕರಿಮಣ್ಣಿನ ಹೊಲ, ಬಿಡಿಸಿ ಉಳಿದ ಹತ್ತಿಯ ಬಿಳಿ ಚುಕ್ಕೆಗಳು, ನಡುನಡುವೆ ಜೋಳ. ದಾರಿಯಲ್ಲಿ ಸಿಗುವ ಪೆದ್ದತುಂಬಳದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳೂ ಕನ್ನಡ ಶಾಸನಗಳೂ ಇವೆ. ಊರಿನ ಹೆಸರಿಗೆ ತೆಲುಗಿನ 'ಪೆದ್ದ' ಅಂಟಿಕೊಂಡಿದೆ. ಊರೊಳಗಿನ ಕಲ್ಲು ಕನ್ನಡ ಮಾತಾಡುತ್ತದೆ. ಇಲ್ಲಿಯವರಿಗೆ ಅದರಲ್ಲಿ ಸೋಜಿಗವೇನೂ ಇಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಗಡಿ ಕಾಗದದ ಮೇಲೆ ಒಂದೇ ದಿನದಲ್ಲಿ ಬಿತ್ತು. ಬೀಗತನ, ಸಂತೆ, ಜಾತ್ರೆಗಳು ಅದನ್ನು ಇಂದಿಗೂ ಗಮನಕ್ಕೆ ತಂದುಕೊಂಡಿಲ್ಲ.

ಆದವಾನಿಯ ಕೋಟೆಬೆಟ್ಟ ಮೊದಲು ಕಂಡಿತು, ಊರಿನ ದೀಪಗಳು ಆಮೇಲೆ. ವಿಜಯನಗರದ ಅರಸರಿಗೆ ಇದು ಗಟ್ಟಿಯಾದ ದುರ್ಗವಾಗಿತ್ತು. ಅನಂತರ ಬಿಜಾಪುರದ ಆದಿಲಶಾಹಿಗಳ ಕೈಸೇರಿತು. 1688ರಲ್ಲಿ ಮೊಗಲರಿಗೆ, ಮುಂದೆ ಹೈದರಾಬಾದಿನ ನಿಜಾಮರ ಮನೆತನಕ್ಕೆ. 1786ರಲ್ಲಿ ಟಿಪ್ಪು ಸುಲ್ತಾನ ಮುತ್ತಿಗೆ ಹಾಕಿ ಗೆದ್ದ. 1800ರಲ್ಲಿ ಕಂಪನಿ ಸರಕಾರದ ವಶವಾಯಿತು. ಇಷ್ಟು ಕೈ ಬದಲಾದ ಊರಿನಲ್ಲಿ ಯಾವ ಅರಸನ ಹೆಸರು ಜನರ ಬಾಯಲ್ಲಿ ಉಳಿದಿದೆ ಎಂದು ಎಂಜಿನಿಯರು ಕೇಳಿದಾಗ ರೈತ ಅರಸರ ಹೆಸರು ಹೇಳಲಿಲ್ಲ. ಸಿದ್ದಿ ಮಸೂದ್ ಖಾನನ ಹೆಸರು ಹೇಳಿದ.

ಮಸೂದ್ ಖಾನ್ ಆಫ್ರಿಕಾ ಮೂಲದವನು. ಬಿಜಾಪುರದ ಪರವಾಗಿ ಆದವಾನಿಯನ್ನು ಆಳಿದವನು, ಕೆಲಕಾಲ ಬಿಜಾಪುರದ ರಾಜ್ಯಭಾರವನ್ನೂ ಹೊತ್ತವನು. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ಅವನೇ ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ನೆನೆಯುತ್ತದೆ. ಆ ಮಂಚಾಲೆಯೇ ಇಂದಿನ ಮಂತ್ರಾಲಯ. ಇಬ್ಬರ ನಡುವೆ ನಿಂತವನು ದಿವಾನ್ ವೆಂಕಣ್ಣ. ಓದುಬರಹ ತಿಳಿಯದ ಅನಾಥ ಹುಡುಗ ಗುರುಗಳನ್ನು ನೆನೆದು ನವಾಬನ ಕಾಗದವನ್ನು ಓದಿದ, ದಿವಾನನಾದ ಎಂಬ ಕಥೆ ಈ ಭಾಗದ ಪ್ರತಿ ಮನೆಯಲ್ಲೂ ಇದೆ. ಮಸೀದಿ ಕಟ್ಟಿಸಿದವನು ಮಠಕ್ಕೆ ಊರು ಕೊಟ್ಟ. ಕಾಗದ ಓದಲಾರದವನು ಇಬ್ಬರಿಗೂ ಸೇತುವೆಯಾದ. ಮಸೀದಿಯ ಬಳಿಯ ರಸ್ತೆಯಲ್ಲಿ ವಾಹನ ನಿಧಾನವಾದಾಗ ಇಶಾ ನಮಾಜು ಮುಗಿಸಿ ಬರುತ್ತಿದ್ದ ಮುದುಕರೊಬ್ಬರು ರೈತನನ್ನು ಕಂಡು, "ಏನ್ ಅಳಿಯಾ, ಹತ್ತಿ ತಂದ್ಯೇನು?" ಎಂದರು. "ತಂದೀನಿ ಮಾವಾ" ಎಂದ ರೈತ. ಬೀಗತನ ಎಲ್ಲಿಯದು ಎಂದು ಎಂಜಿನಿಯರು ಬೆರಗಾದರು. ಬೀಗತನವಿರಲಿಲ್ಲ; ಇಬ್ಬರ ತಂದೆಯರು ಒಂದೇ ಅಡತಿ ಅಂಗಡಿಗೆ ಹತ್ತಿ ಹಾಕುತ್ತಿದ್ದರು, ಅಷ್ಟೇ. ಈ ಸೀಮೆಯಲ್ಲಿ ಸ್ನೇಹಕ್ಕೆ ಬೇರೆ ಹೆಸರಿಲ್ಲ. ಅದು ಮಾವ, ಅಳಿಯ, ಅಣ್ಣ, ತಮ್ಮ ಎಂಬ ಹೆಸರುಗಳನ್ನೇ ಸಾಲ ಪಡೆಯುತ್ತದೆ.

ಆದವಾನಿಯ ಕೃಷಿ ಮಾರುಕಟ್ಟೆ ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಹಂಗಾಮಿನಲ್ಲಿ ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಿಂದಲೂ ಹತ್ತಿ ಇಲ್ಲಿಗೆ ಬರುತ್ತದೆ. ಯಾರ್ಡಿನೊಳಗೆ ಆ ರಾತ್ರಿ ಅಂಡಿಗೆಗಳು ಗೋಡೆಯಂತೆ ಒಂದರ ಮೇಲೊಂದು ನಿಂತಿದ್ದವು. ಅವುಗಳ ಸಂದಿಯಲ್ಲಿ ಜನ ಕಂಬಳಿ ಹಾಸಿದ್ದರು. ಒಬ್ಬನ ಫೋನಿನಲ್ಲಿ ತೆಲುಗು ಹಾಡು, ಇನ್ನೊಬ್ಬನದರಲ್ಲಿ ಬಯಲಾಟದ ಧ್ವನಿಮುದ್ರಿಕೆ. ಬೀಡಿ ಸೇದಬೇಕೆನ್ನುವವರು ಗೇಟಿನ ಹೊರಗೆ ಹೋಗಿ ಬರಬೇಕು. ಹತ್ತಿಯ ನಡುವೆ ಒಂದು ಕಿಡಿಯ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಬುತ್ತಿಗಳು ಬಿಚ್ಚಿದವು. ಸಿರುಗುಪ್ಪದ ಕಡೆಯ ರೈತನೊಬ್ಬ ಕಟಕ ರೊಟ್ಟಿಯನ್ನೂ ಗುರೆಳ್ಳು ಪುಡಿಯನ್ನೂ ಎಂಜಿನಿಯರ ಮುಂದೆ ಚಾಚಿದ. ಕೋಸಿಗಿಯವನ ಬುತ್ತಿಯಲ್ಲಿ ಪುಂಡಿ ಪಲ್ಯವಿತ್ತು. ಪಕ್ಕದ ತೆಲುಗಿನವನು ಅದನ್ನು ಗೋಂಗೂರ ಎಂದ. ಎರಡೂ ಒಂದೇ ಸೊಪ್ಪು ಎಂದು ತೀರ್ಮಾನವಾಗುವಷ್ಟರಲ್ಲಿ ಬುತ್ತಿ ಖಾಲಿಯಾಗಿತ್ತು.

ಊಟವಾದ ಮೇಲೆ ಆ ಸಾಲಿನವರು ಕಾವಲಿನ ಸರದಿ ಹಂಚಿಕೊಂಡರು. ಒಬ್ಬ ಎಚ್ಚರವಿರಬೇಕು, ಉಳಿದವರು ಮಲಗಬೇಕು. ಎಚ್ಚರವಿದ್ದವನು ತನ್ನ ಅಂಡಿಗೆಯನ್ನಷ್ಟೇ ಅಲ್ಲ, ಸಾಲಿನ ಎಲ್ಲ ಅಂಡಿಗೆಗಳನ್ನೂ ಕಾಯಬೇಕು. ಹಿರಿಯ ಹಮಾಲರೊಬ್ಬರು ಬೆರಳು ಮಡಚಿ ಲೆಕ್ಕ ಹಾಕುತ್ತ ಎಂಜಿನಿಯರ ಬಳಿ ಬಂದು, "ಸಾರ್, ನಿಮ್ಮದು ಹನ್ನೆರಡರಿಂದ ಎರಡು" ಎಂದರು. ರೈತ ಗಾಬರಿಯಾದ. "ಅವರು ಪಾವಣ್ಯಾರು, ಮಾವಾ" ಎಂದ. ಹಮಾಲರು ಒಪ್ಪಲಿಲ್ಲ: "ಕೂಡಿ ಉಂಡಾರ. ಉಂಡವ್ರು ಕಾಯಬೇಕು."

ರಾತ್ರಿ ಹನ್ನೆರಡರಿಂದ ಎರಡರವರೆಗೆ ಎಂಜಿನಿಯರು ಅಪರಿಚಿತರ ಹತ್ತಿಯನ್ನು ಕಾದರು. ಮೇಸ್ತ್ರಿಗೆ ನಿದ್ದೆ ಬಾರದೆ ಅವರ ಬಳಿ ಕುಳಿತಿದ್ದ. ಮಂಜಿನಲ್ಲಿ ಕೋಟೆಬೆಟ್ಟ ಕರಗಿಹೋಗಿತ್ತು. ಈ ಊರಿನಲ್ಲಿ ಜನ ರಾತ್ರಿ ಎದ್ದಿರುವುದು ಹತ್ತಿಗಾಗಿ ಮಾತ್ರವೇ ಎಂದು ಎಂಜಿನಿಯರು ಕೇಳಿದರು. ಮೇಸ್ತ್ರಿ ವರ್ಷದ ರಾತ್ರಿಗಳನ್ನು ಒಂದೊಂದಾಗಿ ಎಣಿಸಿದ.

ಮೊಹರಮ್ಮಿನ ರಾತ್ರಿಗಳಲ್ಲಿ ಹಳ್ಳಿ ಮಲಗುವುದಿಲ್ಲ. ಅಲಾಯಿ ಕುಣಿಯಲ್ಲಿ ಬೆಂಕಿ ಉರಿಯುತ್ತದೆ, ಸುತ್ತ ಹೆಜ್ಜೆಯ ಕುಣಿತ. ಪೀರುಗಳನ್ನು ಹೊರುವವರಲ್ಲಿ, ಹರಕೆ ಹೊತ್ತವರಲ್ಲಿ ಹಿಂದೂಗಳೇ ಹೆಚ್ಚಾಗಿರುವ ಊರುಗಳುಂಟು. ಕರ್ಬಲದ ದುಃಖವನ್ನು ಕನ್ನಡದ ಪದಗಳಲ್ಲಿ ಹಾಡುವವರುಂಟು. ಚೋಂಗೆಯ ತಟ್ಟೆ ಮನೆಯಿಂದ ಮನೆಗೆ ಹೋಗುವಾಗ ಜಾತಿ ಕೇಳುವುದಿಲ್ಲ. ಶ್ರಾವಣದಲ್ಲಿ ಕೌತಾಳಂ ಮಂಡಲದ ಉರುಕುಂದಿಗೆ ಮೂರು ರಾಜ್ಯಗಳ ಜನ ನೆರೆಯುತ್ತಾರೆ. ಅಲ್ಲಿನ ದೇವರನ್ನು ಈರಣ್ಣನೆಂದೂ ಕರೆಯುತ್ತಾರೆ, ನರಸಿಂಹನೆಂದೂ ಕರೆಯುತ್ತಾರೆ. ಶೈವ ವೈಷ್ಣವ ಎಂಬ ವಾದಕ್ಕೆ ಅಲ್ಲಿ ಯಾರಿಗೂ ಬಿಡುವಿಲ್ಲ. ಅದೇ ಶ್ರಾವಣದಲ್ಲಿ ಮಂತ್ರಾಲಯದಲ್ಲಿ ಆರಾಧನೆ. ಗುಳೆ ಹೋದವರು ಊರಿಗೆ ಮರಳುವುದು ಈ ರಾತ್ರಿಗಳಿಗಾಗಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ಹೆಸರುಗಳು ಅಲಾಯಿ ಕುಣಿಯ ಸುತ್ತ ಮತ್ತೆ ಹಾಜರಾಗುತ್ತವೆ. ಬೆಂಗಳೂರಿಗೆ ಹೋದ ಮೊದಲ ವರ್ಷ ತಾನು ಓಡಿ ಬಂದದ್ದೂ ಮೊಹರಮ್ಮಿಗೆ ಎಂದ ಮೇಸ್ತ್ರಿ. ಆ ರಾತ್ರಿ ಗೆಳೆಯ ತನ್ನ ಎಂಟನೆಯ ತರಗತಿಯ ಪುಸ್ತಕಗಳನ್ನು ಕೊಟ್ಟು, "ಅಲ್ಲೇ ಓದ್ಕೋ" ಎಂದಿದ್ದನಂತೆ. ಓದಲಾಗಲಿಲ್ಲ. ಕನ್ನಡದ ಆ ಗಣಿತ ಪುಸ್ತಕ ಮಾತ್ರ ಇನ್ನೂ ಅವನ ಪೆಟ್ಟಿಗೆಯಲ್ಲಿದೆ.

ಕೊನೆಗೆ ಮೇಸ್ತ್ರಿ ದೇವರಗಟ್ಟಿನ ಮಾತೆತ್ತಿದ. ಹೊಳಗುಂದ ಮಂಡಲದ ಆ ಬೆಟ್ಟದಲ್ಲಿ ಮಾಳ ಮಲ್ಲೇಶ್ವರನ ಗುಡಿಯಿದೆ. ವಿಜಯದಶಮಿಯ ನಡುರಾತ್ರಿ ನಡೆಯುವ ಬನ್ನಿ ಉತ್ಸವವೇ ಇಂದು ಈ ಸೀಮೆಯ ಹೊರಗೆ ಎಲ್ಲಕ್ಕಿಂತ ಹೆಚ್ಚು ಸುದ್ದಿಯಾಗುವ ರಾತ್ರಿ. ದೇವರ ಮೂರ್ತಿಗಳಿಗಾಗಿ ಒಂದು ಕಡೆ ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು, ಇನ್ನೊಂದು ಕಡೆ ಸುತ್ತಿನ ಉಳಿದ ಹಳ್ಳಿಗಳವರು ಬಡಿಗೆ ಹಿಡಿದು ನಿಲ್ಲುತ್ತಾರೆ. ಅದಕ್ಕೂ ಮುನ್ನ ಆ ಮೂರು ಊರಿನವರು ಹಾಲು ಮುಟ್ಟಿ ಒಗ್ಗಟ್ಟಿನ ಪ್ರಮಾಣ ಮಾಡುತ್ತಾರೆ. ವರ್ಷವರ್ಷವೂ ತಲೆಗಳು ಒಡೆಯುತ್ತವೆ. ಗಾಯಕ್ಕೆ ಭಂಡಾರ ಮೆತ್ತಿಕೊಳ್ಳುತ್ತಾರೆ. ಸಾವುಗಳೂ ಸಂಭವಿಸಿವೆ. ಬೆಳಗಿನ ಜಾವ ಕಾರಣಿಕ ನುಡಿದಾಗ ಎಲ್ಲರೂ ಒಂದಾಗಿ ಕೇಳುತ್ತಾರೆ. ಇದು ಜಗಳವಲ್ಲ, ಆಚಾರ ಎನ್ನುತ್ತಾರೆ ಭಕ್ತರು. ಪೊಲೀಸರು ಪ್ರತಿವರ್ಷ ಸಭೆ ಕರೆಯುತ್ತಾರೆ, ಬಡಿಗೆ ಬೇಡವೆನ್ನುತ್ತಾರೆ, ವೈದ್ಯರ ಶಿಬಿರವನ್ನೂ ಸಿದ್ಧವಿಡುತ್ತಾರೆ. ಕಾನೂನಿನ ಮಾತು ಒಂದು, ಹರಕೆಯ ಮಾತು ಇನ್ನೊಂದು. ನಡುವೆ ತಲೆ ಮಾತ್ರ ಮನುಷ್ಯನದು.

"ಅದನ್ನ ನೋಡಾಕ ದೂರದಿಂದ ಕ್ಯಾಮೆರಾ ಹಿಡಕೊಂಡು ಬರ್ತಾರ ಸಾರ್. ಈ ಯಾರ್ಡು ನೋಡಾಕ ಯಾರೂ ಬರಂಗಿಲ್ಲ" ಎಂದ ಮೇಸ್ತ್ರಿ.

ಅವನ ಮಾತಿನಲ್ಲಿ ಒಂದು ನ್ಯಾಯವಿದೆ. ಹೊರಗಿನಿಂದ ಬಂದವನು ಊರಿನ ನಿಜವಾದ ರಾತ್ರಿಯನ್ನು ಹುಡುಕುವಾಗ ಕಣ್ಣಿಗೆ ಮೊದಲು ಬೀಳುವುದು ಬೆಂಕಿ, ಬಡಿಗೆ, ರಕ್ತ. ದೇವರಗಟ್ಟಿನ ಹಾಲಿನ ಪ್ರಮಾಣದಲ್ಲಿಯೂ ಸ್ನೇಹವಿದೆ. ಅದನ್ನು ಅಲ್ಲಗಳೆಯುವುದು ಆ ಜನರಿಗೆ ಅನ್ಯಾಯ. ಆದರೆ ಆ ಸ್ನೇಹಕ್ಕೆ ಎದುರು ನಿಲ್ಲುವ ಒಂದು ಪಕ್ಷ ಬೇಕು. ಯಾರ್ಡಿನ ಕಾವಲಿಗೆ ಎದುರು ಪಕ್ಷ ಬೇಕಿಲ್ಲ. ಅಲ್ಲಿ ಪ್ರಮಾಣವಿಲ್ಲ, ಸಾಕ್ಷಿಯಿಲ್ಲ, ಬರೆದ ಕರಾರಿಲ್ಲ. ಹೆಸರು ತಿಳಿಯದವನ ವರ್ಷದ ದುಡಿಮೆಯನ್ನು ಹೆಸರು ತಿಳಿಯದವನೊಬ್ಬ ಎರಡು ತಾಸು ಕಾಯುತ್ತಾನೆ, ಅವನು ನಿಶ್ಚಿಂತನಾಗಿ ಮಲಗುತ್ತಾನೆ. ಒಂದು ಊರಿನ ರಾತ್ರಿಯನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆ ಸಿಗುವುದು ಕಷ್ಟ. ಅಲ್ಲಿ ಎಷ್ಟು ದೀಪಗಳು ಉರಿಯುತ್ತವೆ ಎಂಬುದು ಮುಖ್ಯವಲ್ಲ. ಪರಊರಿನವನನ್ನು ನಂಬಿ ಎಷ್ಟು ಜನ ಕಣ್ಣು ಮುಚ್ಚುತ್ತಾರೆ ಎಂಬುದು ಮುಖ್ಯ.

ಎರಡು ಗಂಟೆಗೆ ಎಂಜಿನಿಯರು ಸಿರುಗುಪ್ಪದ ರೈತನನ್ನು ಎಬ್ಬಿಸಿದರು. ಅವನು ಎದ್ದು ತನ್ನ ಕಂಬಳಿಯನ್ನು ಅವರಿಗೆ ಹೊದಿಸಿದ.

ಬೆಳಗ್ಗೆ ಯಾರ್ಡಿನ ಹೊರಗಿನ ಅಂಗಡಿಯಲ್ಲಿ ಒಗ್ಗಾಣಿ ಮಿರ್ಚಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ತೆಲುಗಿನವರು ಉಗ್ಗಾಣಿ ಎನ್ನುತ್ತಾರೆ. ಆ ಹೆಸರಿನೊಳಗೆ ಕನ್ನಡದ ಒಗ್ಗರಣೆಯೇ ಕುಳಿತಿದೆ. ತಿಂದು ಒಳಗೆ ಬರುವಷ್ಟರಲ್ಲಿ ವ್ಯಾಪಾರಿಗಳು ಅಂಡಿಗೆಯಿಂದ ಅಂಡಿಗೆಗೆ ಕೈಯಿಟ್ಟು ಎಳೆ ಹಿಂಜಿ ನೋಡುತ್ತಿದ್ದರು. ಟೆಂಡರಿನ ಚೀಟಿಗಳು ಬಂದವು. ರೈತನ ಹತ್ತಿಗೆ ಬಂದ ದರ ಅವನು ಹೆದರಿದಷ್ಟು ಕೆಳಗಿರಲಿಲ್ಲ, ಬಯಸಿದಷ್ಟು ಮೇಲೂ ಇರಲಿಲ್ಲ. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟು, ತುಸು ಹೊತ್ತು ಸುಮ್ಮನೆ ನಿಂತ. ಮೇಸ್ತ್ರಿ ಅವನನ್ನು ಬದಿಗೆ ಕರೆದೊಯ್ದ. ಇಬ್ಬರೂ ಏನು ಮಾತನಾಡಿದರೆಂಬುದು ಉಳಿದವರಿಗೆ ಕೇಳಿಸಲಿಲ್ಲ. ಮರಳುವ ದಾರಿಯಲ್ಲಿ ರೈತ ಒಂದೇ ಮಾತು ಹೇಳಿದ: "ಈ ವರ್ಷ ಗುಳೆ ಹೋಗಂಗಿಲ್ಲ. ಹುಡುಗಿ ಹತ್ತನೇದು ಮುಗಿಸ್ಲಿ."

ಹತ್ತನೆಯ ತರಗತಿಯ ನಂತರ ಈ ಸೀಮೆಯ ಮಕ್ಕಳಿಗೆ ಕನ್ನಡದ ದಾರಿ ಕಿರಿದಾಗುತ್ತದೆ. ತೆಲುಗು, ಇಂಗ್ಲಿಷುಗಳ ಕಡೆ ಹೊರಳಬೇಕಾಗುತ್ತದೆ. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಶಾಲೆಯಲ್ಲಿ ಕಲಿತ ಕನ್ನಡ ಆಮೇಲೆ ಎಲ್ಲಿ ಬದುಕುತ್ತದೆ ಎಂದು ಕೇಳುವ ತಂದೆತಾಯಿಗಳಿಗೆ ಉತ್ತರ ಈ ರಾತ್ರಿಗಳಲ್ಲಿದೆ. ಬಯಲಾಟದ ಅಟ್ಟದ ಮುಂದೆ, ಅಲಾಯಿ ಕುಣಿಯ ಪದಗಳಲ್ಲಿ, ಉರುಕುಂದಿಯ ಆವರಣದಲ್ಲಿ, ಯಾರ್ಡಿನ ಅಂಡಿಗೆಗಳ ಸಂದಿಯಲ್ಲಿ ಅದು ತೆಲುಗಿನೊಂದಿಗೂ ಉರ್ದುವಿನೊಂದಿಗೂ ಭುಜ ತಾಗಿಸಿಕೊಂಡು ಎಚ್ಚರವಾಗಿರುತ್ತದೆ. ಮಕ್ಕಳನ್ನು ನಿದ್ದೆಗೆಡಿಸಿಯಾದರೂ ವರ್ಷಕ್ಕೊಂದು ರಾತ್ರಿ ಅಲ್ಲಿಗೆ ಕರೆದೊಯ್ಯುವುದು ಪಾಠ ತಪ್ಪಿಸಿದಂತಲ್ಲ.

ಮರುವರ್ಷದ ಮೊಹರಮ್ಮಿಗೆ ಎಂಜಿನಿಯರು ಹೆಂಡತಿ ಮಕ್ಕಳೊಂದಿಗೆ ಮಾಧವರಂಗೆ ಬಂದರು. ನೋಡಲು ಏನಿದೆ ಎಂದು ಈ ಸಲ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಅವರನ್ನು ದೂರದಿಂದಲೇ ಗುರುತಿಸಿ ಒಳಗೆ ಕೂಗಿ ಹೇಳಿದಳು: "ಅವ್ವಾ, ಹತ್ತಿ ಕಾದ ಮಾವ ಬಂದಾರ!"